ಮಾವನ ಎಡಗಾಲು

ಹುಬ್ಬಳ್ಳಿಯಲ್ಲಿ ಅಜ್ಮೇರ್ ಎಕ್ಸ್‌ಪ್ರೆಸ್ ಹತ್ತಿದಾಗ ಸೋದರಮಾವನ ಹತ್ತಿರ ಎರಡು ಗಂಟುಗಳಿದ್ದವು. ಒಂದರಲ್ಲಿ ಕಡಕ್ ರೊಟ್ಟಿ, ಶೇಂಗಾ ಚಟ್ನಿ. ಇನ್ನೊಂದರಲ್ಲಿ ಹಳೆ ಧೋತರದಲ್ಲಿ ಸುತ್ತಿದ ಒಂದು ಕಾಲು. ಟ್ರ್ಯಾಕ್ಟರ್ ಮಗುಚಿ ಎಡಗಾಲನ್ನು ಮೊಣಕಾಲ ಕೆಳಗೆ ತೆಗೆದ ಮೇಲೆ ಊರ ಕಡೆಯೇ ಮಾಡಿಸಿದ್ದು. ಅದನ್ನು ಹಾಕಿಕೊಂಡರೆ ಬೂಟಿಲ್ಲದೆ ನಡೆಯುವಂತಿಲ್ಲ, ನೆಲದ ಮೇಲೆ ಕೂಡುವಂತಿಲ್ಲ. ಎರಡು ಫರ್ಲಾಂಗು ನಡೆದರೆ ಮೊಂಡುಗಾಲಿನ ಹೊರಮಗ್ಗುಲು ಸುಲಿದು ರಕ್ತ. ಒಂದೂವರೆ ವರ್ಷದಿಂದ ಅಟ್ಟದ ಮೇಲೇ ಇತ್ತು. “ಎಲ್ಲಿ ತಪ್ಪೇತಿ ಅನ್ನೂದರ ತಿಳೀಲಿ” ಎಂದು ಮಾವ ಅದನ್ನೂ ಹೊತ್ತು ತಂದಿದ್ದ.

ಜೈಪುರದಲ್ಲಿ ನಾವು ಹವಾಮಹಲ್ ನೋಡಲಿಲ್ಲ. ನೆಟ್ಟಗೆ ಮಾಳವೀಯ ನಗರದ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿಗೆ ಹೋದೆವು. 1975ರಲ್ಲಿ ಡಿ.ಆರ್. ಮೆಹತಾ ಕಟ್ಟಿದ ಸಂಸ್ಥೆ. ಕಾಲಿಗೂ ದುಡ್ಡಿಲ್ಲ, ಊಟ ವಸತಿಗೂ ದುಡ್ಡಿಲ್ಲ.

ಒಳಗೆ ಹಲಗೆಯ ಮೇಲೆ ಸಾಲಾಗಿ ಕಂದು ಬಣ್ಣದ ರಬ್ಬರ್ ಪಾದಗಳು. ಒಂದೊಂದಕ್ಕೂ ಐದೈದು ಬೆರಳು! ನಾನು ಒಂದನ್ನು ಕೈಗೆತ್ತಿಕೊಂಡು ಬಾಗಿಸಿ ನೋಡಿದೆ. ಮೇಲಕ್ಕೂ ಬಾಗಿತು, ಪಕ್ಕಕ್ಕೂ ಹೊರಳಿತು. ಒಳಗೆ ಕಣಕಾಲಿನ ಜಾಗದಲ್ಲಿ ಮರದ ತುಂಡು, ಹಿಮ್ಮಡಿಗೂ ಮುಂಗಾಲಿಗೂ ಮೆತ್ತನೆಯ ಸ್ಪಂಜ್ ರಬ್ಬರು. ಇವನ್ನೆಲ್ಲ ಟೈರಿನ ನೂಲಿನಿಂದ ಬಿಗಿದು ಅಚ್ಚಿನಲ್ಲಿ ಬೇಯಿಸಿದ್ದಾರೆ. 1968ರಲ್ಲಿ ಇಲ್ಲಿಯ ಸವಾಯಿ ಮಾನ್‌ಸಿಂಗ್ ಆಸ್ಪತ್ರೆಯ ಮೂಳೆ ವೈದ್ಯ ಪಿ.ಕೆ. ಸೇಠಿ ಮತ್ತು ಕರಕುಶಲಿ ರಾಮಚಂದ್ರ ಶರ್ಮ ಸೇರಿ ರೂಪಿಸಿದ ಪಾದ ಇದು. ಬೂಟಿನೊಳಗೇ ಇರಬೇಕಾದ ವಿದೇಶಿ ಮಾದರಿಯ ಪಾದಗಳನ್ನು ನಮ್ಮ ಜನ ಮೂಲೆಗೆಸೆಯುತ್ತಿದ್ದರು. ಗದ್ದೆಯ ಕೆಸರು, ದೇವರ ಗುಡಿ, ಪಂಕ್ತಿಯೂಟ, ಇವೆಲ್ಲ ಬರಿಗಾಲಿನ ಜಾಗಗಳಲ್ಲವೇ? ಸೇಠಿಯವರಿಗೆ 1981ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಓದು ಹೆಚ್ಚಿಲ್ಲದ ಶರ್ಮರನ್ನು ಎಲ್ಲರೂ ‘ಮಾಸ್ಟರ್‌ಜಿ’ ಎನ್ನುತ್ತಿದ್ದರು. ಆ ಹೆಸರು ನನಗೆ ಪ್ರಶಸ್ತಿಗಿಂತ ಕಡಿಮೆ ಅನ್ನಿಸಲಿಲ್ಲ.

ಮಾವನ ಪಾಲಿಗೆ ಬಂದ ಕಾರೀಗರರು ಮೊದಲು ಹಳೆಯ ಕಾಲಿನ ಬಟ್ಟಲೊಳಗೆ ಹೆಬ್ಬೆರಳು ಹಾಕಿ ತಡವಿದರು. “ಇಲ್ಲಿ ಎಲುಬಿಗೆ ಜಾಗವನ್ನೇ ಬಿಟ್ಟಿಲ್ಲ” ಎಂದರು ಹಿಂದಿಯಲ್ಲಿ. ಆಮೇಲೆ ಮೊಂಡುಗಾಲಿಗೆ ತೆಳು ಕಾಲುಚೀಲ ತೊಡಿಸಿ, ಒದ್ದೆಯಾದರೆ ನೇರಳೆಗೆ ತಿರುಗುವ ಪೆನ್ಸಿಲಿನಿಂದ ಗುರುತು ಹಾಕಿದರು: ಮೊಣಕಾಲ ಚಿಪ್ಪು, ಅದರ ಕೆಳಗಿನ ಗಟ್ಟಿ ನಾರು, ಹೊರಮಗ್ಗುಲಲ್ಲಿ ಗುಬ್ಬಿಯಂತೆ ಉಬ್ಬಿದ ಎಲುಬು. ಪ್ಲಾಸ್ಟರ್ ಪಟ್ಟಿ ಸುತ್ತಿ, ಒಣಗಿದ ಮೇಲೆ ಕಳಚಿದರೆ ಒಳಗೆ ಅವೇ ನೇರಳೆ ಗುರುತುಗಳು. ಅದರಲ್ಲಿ ಪ್ಲಾಸ್ಟರ್ ಹಿಟ್ಟು ಕಲಸಿ ಸುರಿದು, ಗಟ್ಟಿಯಾದಾಗ ಹೊರಗಿನದನ್ನು ಸೀಳಿದರು. ಮಾವನ ಕಾಲು ಬೆಳ್ಳಗೆ ಮೇಜಿನ ಮೇಲೆ ನಿಂತಿತು, ಮೈಮೇಲೆ ಅದೇ ಮಚ್ಚೆಗಳು!

ಆಗ ಅವರು ಅದನ್ನು ಅರ ಹಾಕಿ ತೀಡತೊಡಗಿದರು. ಇಷ್ಟು ಕರಾರುವಾಕ್ಕಾಗಿ ತೆಗೆದ ಅಚ್ಚನ್ನು ಕೆಡಿಸುವುದೇಕೆ ಎಂದು ನನಗೆ ದಿಗಿಲು. ಚಿಪ್ಪಿನ ಕೆಳಗಿನ ನಾರು ಭಾರ ತಡೆಯುತ್ತದೆ. ಅಲ್ಲಿ ಕೆತ್ತಿದರೆ ಬಟ್ಟಲು ಅಲ್ಲಿ ಬಿಗಿಯಾಗಿ ಒತ್ತುತ್ತದೆ. ಗುಬ್ಬಿ ಎಲುಬು ತಡೆಯದು. ಅಲ್ಲಿ ಪ್ಲಾಸ್ಟರ್ ಮೆತ್ತಿದರೆ ಬಟ್ಟಲಲ್ಲಿ ಅಷ್ಟು ಸಡಿಲ. ಮೈಯ ಯಾವ ಜಾಗ ಎಷ್ಟು ನೋವು ತಾಳೀತು ಎಂಬ ಲೆಕ್ಕ ಪೂರಾ ಆ ಬೆರಳುಗಳಲ್ಲಿತ್ತು.

ಒಲೆಯಿಂದ ಮೆತ್ತಗಾದ ಎಚ್‌ಡಿಪಿಇ ಪೈಪನ್ನು ತೆಗೆದು ಅಚ್ಚಿನ ಮೇಲೆ ಎಳೆದಾಗ ಮಾವನ ಮುಖ ಅರಳಿತು. “ನಮ್ಮ ಸ್ಪ್ರಿಂಕ್ಲರ್ ಪೈಪಿನ ಜಾತೀನ ಐತಲ್ಲೋ ಇದು!”

ಮಧ್ಯಾಹ್ನದ ಹೊತ್ತಿಗೆ ಪಾದ ಕೂಡಿತು. ಎರಡು ಕಂಬಿಗಳ ನಡುವೆ ಮಾವ ನಿಂತ. ಕಾರೀಗರರು ಸೊಂಟದ ಎರಡೂ ಎಲುಬಿನ ಮೇಲೆ ಬೆರಳಿಟ್ಟು ಮಟ್ಟ ನೋಡಿ, ಎಡ ಹಿಮ್ಮಡಿಯ ಕೆಳಗೆ ತೆಳು ಹಲಗೆ ಸರಿಸಿ ಮತ್ತೆ ನೋಡಿದರು. “ಚಲಿಯೇ.” ಮಾವ ನಡೆದ. ನನ್ನ ಕಣ್ಣಿಗೆ ಎಲ್ಲ ಸರಿಯಿತ್ತು. ಅವರು ತಲೆಯಾಡಿಸಿದರು. ಎಡಗಾಲಿನ ಮೇಲೆ ಪೂರ್ತಿ ಭಾರ ಬಿದ್ದ ಕ್ಷಣ ಮೊಣಕಾಲು ಚೂರು ಹೊರಕ್ಕೆ ಜಿಗಿಯುತ್ತಿತ್ತಂತೆ. ಪಾದ ಒಳಕ್ಕೆ ಕೂತಿದೆ. ಸ್ಕ್ರೂ ಬಿಚ್ಚಿ, ಪೈಪು ಕಾಯಿಸಿ, ಪಾದವನ್ನು ಒಂದು ಉಗುರಿನಷ್ಟು ಹೊರಕ್ಕೆ ಸರಿಸಿದರು. ಮತ್ತೆ ನಡಿಗೆ. ಈಗ ನನಗೂ ಕಂಡಿತು: ಮಾವನ ಭುಜ ಓಲಾಡುವುದು ನಿಂತಿತ್ತು. ಒಂದು ಉಗುರಿನಷ್ಟು!

ಹತ್ತು ನಿಮಿಷ ನಡೆಸಿ ಕಾಲು ಬಿಚ್ಚಿಸಿದರು. ಚಿಪ್ಪಿನ ಕೆಳಗೆ ಕೆಂಪು ಬರೆ. ಮಾವ ಗಾಬರಿಯಾದ, ಅವರು ನಕ್ಕರು. ಭಾರ ಕೂರಬೇಕಾದ ಜಾಗವೇ ಅದು, ಸ್ವಲ್ಪ ಹೊತ್ತಿಗೆ ಮಾಸುತ್ತದೆ. ಗುಬ್ಬಿ ಎಲುಬಿನ ಮೇಲೆ ಮಾತ್ರ ಒಂದು ಕಲೆಯೂ ಇರಲಿಲ್ಲ. ಹಳೆಯ ಕಾಲು ಹಾಕಿದಾಗಲೆಲ್ಲ ರಕ್ತ ಒಸರುತ್ತಿದ್ದ ಆ ಜಾಗವನ್ನು ಮಾವ ಮತ್ತೆ ಮತ್ತೆ ಸವರಿ ನೋಡಿಕೊಂಡ.

ಹಳೆಯ ಕಾಲನ್ನು ಅಲ್ಲಿಯೇ ಬಿಟ್ಟು ಬಂದೆವು. ಮರುಪ್ರಯಾಣದಲ್ಲಿ ಅಬು ರೋಡ್ ಬಂತು. ಅಲ್ಲಿಯ ರಬ್ಡಿ ಹೆಸರಾದದ್ದು. ತರೋಣವೆಂದು ನಾನು ಚಪ್ಪಲಿ ಹುಡುಕುತ್ತಿದ್ದೆ. ಬರ್ತಿನ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತಿದ್ದ ಮಾವ ಎಡಗಾಲನ್ನು ಕೈಯಿಂದ ಎತ್ತಿ ಕೆಳಗಿಟ್ಟ.

“ನೀ ಕುಂದರು. ನಾ ತರತೀನಿ” ಎಂದವನೇ ಬರಿಗಾಲಲ್ಲಿ ಪ್ಲಾಟ್‌ಫಾರ್ಮಿಗೆ ಇಳಿದ.