ಹಾಡಿದವಳ ಹೆಸರು ಹೊದಿಕೆಯ ಮೇಲೆ

ಪುಸ್ತಕವನ್ನು ಹಿಂಬದಿಯಿಂದ ಓದತೊಡಗುವುದು ನನ್ನ ಹಳೆಯ ಅಭ್ಯಾಸ. ಕೊನೆಯ ಪುಟದ ಒಪ್ಪೋಲೆ, ಅದರ ಹಿಂದಿನ ಶಬ್ದಾರ್ಥ, ಅದಕ್ಕೂ ಹಿಂದಿನ ಟಿಪ್ಪಣಿ, ಪಾಠಾಂತರ, ಹೀಗೆ ಒಂದೊಂದನ್ನೇ ಸವಿಯುತ್ತ ಮುನ್ನುಡಿಗೆ ಬರುವಷ್ಟರಲ್ಲಿ ಆ ಪುಸ್ತಕ ಮಾಡಿದವರ ಬೆವರಿನ ಪರಿಚಯ ಆಗಿರುತ್ತದೆ. ಈ ರುಚಿ ಹತ್ತಿಸಿದ್ದು ಕುಮಟಾ, ಹೊನ್ನಾವರ ಸೀಮೆಯ ಜನಪದ ಸಂಗ್ರಹಗಳು. ಕರಾವಳಿಯ ಮಳೆಗಾಲ ಪುಸ್ತಕಕ್ಕೆ ಒಳ್ಳೆಯದಲ್ಲ. ಆಷಾಢದ ಹೊತ್ತಿಗೆ ರಟ್ಟಿನ ಮೇಲೆ ಬೂಷ್ಟು ಹಿಡಿಯುತ್ತದೆ, ಹೊಲಿಗೆ ಸಡಿಲವಾಗುತ್ತದೆ. ಬಿಸಿಲು ಬಿದ್ದ ದಿನ ಅವನ್ನೆಲ್ಲ ಜಗಲಿಯಲ್ಲಿ ಹರವಿ, ಒಣಬಟ್ಟೆಯಿಂದ ಒರೆಸುತ್ತ, ಒರೆಸುವ ನೆಪದಲ್ಲಿ ಮತ್ತೆ ಓದುತ್ತ ಕೂರುವುದಕ್ಕಿಂತ ಹೆಚ್ಚಿನ ಸುಖ ನನಗೆ ಗೊತ್ತಿಲ್ಲ.

ಕುಮಟಾದ ಡಾ. ಎಲ್. ಆರ್. ಹೆಗಡೆಯವರ ‘ತಿಮ್ಮಕ್ಕನ ಪದಗಳು’ ಅಂಥದೊಂದು ಪುಸ್ತಕ. ಅದನ್ನು ತೆರೆಯುವ ಮೊದಲು ಹೊದಿಕೆಯನ್ನೇ ಒಂದು ಗಳಿಗೆ ನೋಡಬೇಕು. ಹಾಡಿದ ಹೆಂಗಸಿನ ಹೆಸರೇ ಪುಸ್ತಕದ ಹೆಸರಾಗಿದೆ. ‘ಪರಮೇಶ್ವರಿಯ ಪದಗಳು’ ಕೂಡ ಹಾಗೆಯೇ. ಜನಪದ ಹಾಡು ಯಾರದೂ ಅಲ್ಲ, ಎಲ್ಲರದು ಎಂದು ಹೇಳಿ ಹಾಡಿದವರನ್ನು ಮರೆಯುವುದು ಸುಲಭ. ಹೆಗಡೆಯವರು ಮರೆಯಲಿಲ್ಲ. ಈ ಕೆಲಸದ ಕಷ್ಟವೂ ಸಣ್ಣದಲ್ಲ. ಗದ್ದೆಯ ಕೆಲಸ ಮುಗಿಸಿ, ಒಲೆ ಹೊತ್ತಿಸಿ, ಮಕ್ಕಳಿಗೆ ಉಣ್ಣಿಸಿದ ಮೇಲೆ ತಾನೇ ಹಾಡುವವಳಿಗೆ ಪುರುಸೊತ್ತು? ಬರೆದುಕೊಳ್ಳುವವರು ಅಲ್ಲಿಯವರೆಗೆ ಕಾಯಬೇಕು. ಪದವನ್ನು ಬಿಡಿಸಿ ಹೇಳು ಅಂದರೆ ಆಕೆಗೆ ನೆನಪೇ ಬಾರದು. ಹಾಡಿದರೆ ಮಾತ್ರ ಸಾಲು ಸಾಲಾಗಿ ಬರುತ್ತದೆ. ನಡುವೆ ತಡೆದರೆ ಮತ್ತೆ ಮೊದಲಿನಿಂದ ಶುರು. ಎರಡನೆಯ ಸಲ ಹಾಡುವಾಗ ಒಂದೆರಡು ಸಾಲು ಬೇರೆಯಾಗಿರುತ್ತದೆ. ಯಾವುದನ್ನು ಉಳಿಸಬೇಕು, ಯಾವುದನ್ನು ಟಿಪ್ಪಣಿಗೆ ಇಳಿಸಬೇಕು? ಹಾಲಕ್ಕಿ ಒಕ್ಕಲಿಗರ ಮಾತಿನ ರೂಪವನ್ನು ಇದ್ದಂತೆ ಅಚ್ಚು ಹಾಕಬೇಕೋ, ಪೇಟೆಯ ಓದುಗನಿಗೆಂದು ತಿದ್ದಬೇಕೋ? ತಿದ್ದದೆ ಬಿಟ್ಟು, ಹಿಂದೆ ಶಬ್ದಾರ್ಥ ಕೊಟ್ಟವರಿಗೆ ನನ್ನ ನಮಸ್ಕಾರ.

ಹೊನ್ನಾವರದಲ್ಲಿ ಡಾ. ಎನ್. ಆರ್. ನಾಯಕ ಮತ್ತು ಶಾಂತಿ ನಾಯಕ ದಂಪತಿ ‘ಜಾನಪದ ಪ್ರಕಾಶನ’ ಎಂದು ಹೆಸರಿಟ್ಟು ಪುಸ್ತಕ ತಂದರು. ರಾಜಧಾನಿಯಿಂದ ಇಷ್ಟು ದೂರದ ತಾಲ್ಲೂಕು ಊರಿನಲ್ಲಿ ಕೂತು ಸಂಗ್ರಹಿಸುವುದು, ಸಂಪಾದಿಸುವುದು, ಕರಡು ತಿದ್ದುವುದು, ಅಚ್ಚು ಹಾಕಿಸುವುದು ಎಲ್ಲವೂ ಒಂದೇ ಮನೆಯ ಕೆಲಸವಾದರೆ ಹೇಗಿರಬೇಡ! ಹಾಡು, ಕತೆ ಎಂದು ಸಾಹಿತ್ಯದ ಅಂಗಳದಲ್ಲೇ ನಿಲ್ಲದೆ, ಶಾಂತಿ ನಾಯಕರು ಅಡುಗೆ, ಮನೆಮದ್ದಿನ ತಿಳಿವನ್ನೂ ಪುಸ್ತಕಕ್ಕೆ ತಂದರು. ಯಾವ ಸೊಪ್ಪಿನ ತಂಬುಳಿ ಯಾವ ಕಾಯಿಲೆಗೆ ಎಂಬುದು ಅಜ್ಜಿಯಂದಿರ ಬಾಯಲ್ಲಿ ಇರುವವರೆಗೆ ಅದನ್ನು ಯಾರೂ ವಿದ್ವತ್ತು ಅನ್ನುವುದಿಲ್ಲ. ನನ್ನ ಮಟ್ಟಿಗೆ ಅದು ವಿದ್ವತ್ತೇ, ಅದನ್ನು ಕೂಡಿಸಿಟ್ಟದ್ದು ದೊಡ್ಡ ವಿದ್ವತ್ತು.

ಈ ಪುಸ್ತಕಗಳನ್ನು ಒರೆಸುತ್ತ ಕೂತಾಗ ನನಗೆ ದೂರದ ಪೋಲೆಂಡಿನ ಒಬ್ಬರು ನೆನಪಾಗುತ್ತಾರೆ. ಓಸ್ಕರ್ ಕೋಲ್ಬರ್ಗ್, ಹುಟ್ಟಿದ್ದು 1814ರಲ್ಲಿ. ಅವರ ಕಾಲದಲ್ಲಿ ಭೂಪಟದ ಮೇಲೆ ಪೋಲೆಂಡ್ ಎಂಬ ದೇಶವೇ ಇರಲಿಲ್ಲ. ರಷ್ಯ, ಪ್ರಶ್ಯ, ಆಸ್ಟ್ರಿಯಗಳು ಹಂಚಿಕೊಂಡ ಆ ನಾಡು 1795ರಿಂದ 1918ರವರೆಗೆ ಪರರ ಕೈಯಲ್ಲಿತ್ತು. ಸಂಗೀತ ಕಲಿತ ಕೋಲ್ಬರ್ಗ್ ಹೊಟ್ಟೆಪಾಡಿಗೆ ವಾರ್ಸಾ–ವಿಯೆನ್ನಾ ರೈಲ್ವೆಯಲ್ಲಿ ಲೆಕ್ಕ ಬರೆಯುತ್ತಿದ್ದರು. ಬಿಡುವಿನಲ್ಲಿ ಹಳ್ಳಿ ಸುತ್ತಿ ಹಾಡು ಬರೆದುಕೊಂಡರು. 1857ರಲ್ಲಿ ಪೋಲಿಷ್ ಜನರ ಹಾಡುಗಳ ಸಂಪುಟ ಅಚ್ಚಾಯಿತು. ಅದರಲ್ಲಿ ಒಂದೇ ಕಥನಗೀತೆಯ ಬೇರೆ ಬೇರೆ ಪಾಠಗಳು ಒಂದರ ಪಕ್ಕ ಒಂದಿವೆ, ಜೊತೆಗೆ ಅವುಗಳ ಮಟ್ಟು, ಸ್ವರಲಿಪಿಯಲ್ಲಿ. 1865ರಿಂದ ಅವರು ಒಂದೊಂದು ಪ್ರಾಂತಕ್ಕೂ ಹಾಡು, ಕುಣಿತ, ಆಚರಣೆ, ಗಾದೆ, ನುಡಿಯ ಬಗೆ ಎಲ್ಲ ಸೇರಿದ ಸಂಪುಟಗಳನ್ನು ತರತೊಡಗಿದರು. 1890ರಲ್ಲಿ ತೀರಿಕೊಳ್ಳುವ ಹೊತ್ತಿಗೆ 30ಕ್ಕೂ ಹೆಚ್ಚು ಸಂಪುಟ ಹೊರಬಂದಿದ್ದವು. ಅಷ್ಟೇ ರಾಶಿ ಹಸ್ತಪ್ರತಿ ಉಳಿದಿತ್ತು.

ನನ್ನನ್ನು ಹೆಚ್ಚು ತಟ್ಟುವುದು ಮುಂದಿನ ಕತೆ. ಎರಡು ಮಹಾಯುದ್ಧ ದಾಟಿ ಆ ಕಾಗದಗಳು ಉಳಿದವು. 1961ರಿಂದ ಅವರ ಸಮಗ್ರ ಸಂಪುಟಗಳ ಪ್ರಕಟಣೆ ಶುರುವಾಯಿತು. ಪೋಜ್ನಾನ್ ನಗರದಲ್ಲಿ ಅವರ ಹೆಸರಿನ ಸಂಸ್ಥೆಯೇ ಈ ಕೆಲಸಕ್ಕೆ ನಿಂತಿತು. ಈಗ ಸಂಪುಟಗಳ ಸಂಖ್ಯೆ 80 ದಾಟಿದೆ. ಒಬ್ಬರು ಕಿವಿಗೊಟ್ಟು ಬರೆದದ್ದನ್ನು ಮುಂದಿನ ತಲೆಮಾರಿನ ಸಂಪಾದಕರು ಅಕ್ಷರ ಅಕ್ಷರ ಕೂಡಿಸಿ ಮುಗಿಸಿದರು. ಅವರಲ್ಲಿ ಯಾರೂ ಕೋಲ್ಬರ್ಗರ ಮುಖ ನೋಡಿದವರಲ್ಲ.

ನಮ್ಮಲ್ಲಿ ಇನ್ನೂ ಆಗಬೇಕಾದ್ದು ಬಹಳ ಇದೆ. ನಾನು ನೋಡಿದ ಬಹುತೇಕ ಸಂಗ್ರಹಗಳಲ್ಲಿ ಪದ ಇದೆ, ಮಟ್ಟು ಇಲ್ಲ. ಸುಗ್ಗಿ ಕುಣಿತಕ್ಕೆ ಗುಮಟೆ ಹೇಗೆ ನುಡಿಯಿತು, ನೆಟ್ಟಿಯ ಹಾಡಿಗೆ ಸೊಲ್ಲು ಎತ್ತುವವರು ಎಲ್ಲಿ ಉಸಿರು ನಿಲ್ಲಿಸಿದರು ಎಂಬುದು ಅಚ್ಚಿನ ಸಾಲಿನಲ್ಲಿ ಕಾಣದು. ದನಿ ಹಿಡಿಯಲು ಈಗ ಕಿಸೆಯೊಳಗಿನ ಮೊಬೈಲೇ ಸಾಕಲ್ಲ! ಹಳೆಯ ಸಂಗ್ರಹಗಳನ್ನು ಮರುಮುದ್ರಿಸುವಾಗ ಮಟ್ಟುಗಳನ್ನೂ ಕೊಡಬಹುದು, ಎಲ್ಲ ಸಂಗ್ರಹಗಳಿಗೂ ಸೇರಿ ಒಂದು ಅಕಾರಾದಿ ಮಾಡಬಹುದು.

ಪೋಲೆಂಡಿನ ಮಾತು ಬಂದಾಗ ನಮ್ಮ ಮೈಸೂರಿನಲ್ಲಿ 1971ರಲ್ಲಿ ಕಣ್ಣು ಮುಚ್ಚಿದ ವಾಂಡಾ ದಿನೋವ್ಸ್ಕಾ ಅವರನ್ನೂ ನೆನೆಯಬೇಕು. ಭಾರತದಲ್ಲಿ ಉಮಾದೇವಿಯಾದವರು. ಅವರ ನಾಡು ನಾಜಿಗಳ ಕೈಯಲ್ಲಿ ಬೇಯುತ್ತಿದ್ದ 1944ರಲ್ಲಿ, ಮಾರಿಸ್ ಫ್ರಿಡ್‌ಮನ್ ಜೊತೆಗೂಡಿ ಮದರಾಸಿನಲ್ಲಿ ಪೋಲಿಷ್–ಭಾರತೀಯ ಗ್ರಂಥಮಾಲೆ ಆರಂಭಿಸಿದರು. ಗೀತೆ, ಭಾರತೀಯ ಭಾಷೆಗಳ ಕವಿತೆ ಪೋಲಿಷ್‌ಗೆ ಹೋದವು. ಪೋಲಿಷ್ ಕವಿತೆ ಇಂಗ್ಲಿಷಿಗೆ ಬಂತು. ಫ್ರಿಡ್‌ಮನ್ ಅಂತೂ ಬೆಂಗಳೂರಿನ ಸರ್ಕಾರಿ ವಿದ್ಯುತ್ ಕಾರ್ಖಾನೆ ನಡೆಸಲು ಬಂದ ಎಂಜಿನಿಯರ್. ಅಚ್ಚಿನ ಕೆಲಸ ಅವರ ಕಸುಬಾಗಿರಲಿಲ್ಲ, ಆದರೂ ಮಾಡಿದರು.

ಬರೆದದ್ದನ್ನು ಹೀಗೆ ಕಾಯ್ದಿಡುವ ಗುಣ ನಮ್ಮ ಭಟ್ಕಳದ ಮಣ್ಣಿನಲ್ಲೂ ಇದೆ. ಭಟ್ಕಳ ತಾಲ್ಲೂಕಿನ ಹಾಡುವಳ್ಳಿ, ಶಾಸನಗಳ ಸಂಗೀತಪುರ, ಜೈನ ವಿದ್ವತ್ತಿನ ನೆಲೆ. ಅಲ್ಲಿನ ಮಠದ ಅಕಲಂಕದೇವರ ಶಿಷ್ಯ ಭಟ್ಟಾಕಲಂಕ 1604ರಲ್ಲಿ ‘ಕರ್ಣಾಟಕ ಶಬ್ದಾನುಶಾಸನ’ ಮುಗಿಸಿದ: 592 ಸಂಸ್ಕೃತ ಸೂತ್ರಗಳಲ್ಲಿ ಕನ್ನಡದ ವ್ಯಾಕರಣ, ತಾನೇ ಬರೆದ ವೃತ್ತಿ, ಅದಕ್ಕೆ ತಾನೇ ಬರೆದ ವ್ಯಾಖ್ಯಾನ. ಬಿ. ಎಲ್. ರೈಸ್ ಅದನ್ನು ಅಚ್ಚಿಗೆ ತಂದದ್ದು 1890ರಲ್ಲಿ. ಅಷ್ಟೂ ವರ್ಷ ಯಾರೋ ಗರಿಗಳನ್ನು ಪ್ರತಿ ಮಾಡಿದರು, ಯಾರೋ ಹುಳ ಹಿಡಿಯದಂತೆ ನೋಡಿಕೊಂಡರು. ಕೋಲ್ಬರ್ಗರು ತೀರಿಕೊಂಡದ್ದೂ ಅದೇ 1890ರಲ್ಲಿ.

ನಿಮ್ಮ ಮನೆಯ ಅಟ್ಟದಲ್ಲಿ ಶಾಲಾ ಮಾಸ್ತರರಾಗಿದ್ದ ಅಜ್ಜನ ನೋಟುಬುಕ್ಕು ಇರಬಹುದು, ಅಮ್ಮ ಹಾಡಿದ ಕ್ಯಾಸೆಟ್ಟು ಇರಬಹುದು. ಗುಜರಿಗೆ ಹಾಕಬೇಡಿ. ಹಾಡಿದವರ ಹೆಸರು, ಊರು, ವರ್ಷ ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ. ಹತ್ತಿರದ ಕಾಲೇಜಿನ ಕನ್ನಡ ವಿಭಾಗಕ್ಕೋ, ಹಾವೇರಿ ಜಿಲ್ಲೆಯ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯಕ್ಕೋ ಒಂದು ಪ್ರತಿ ಮುಟ್ಟಿಸಿ. ಜಾನಪದ ಸಂಗ್ರಹ ಎಲ್ಲಾದರೂ ಮಾರಾಟಕ್ಕೆ ಕಂಡರೆ ಕೊಂಡುಕೊಳ್ಳಿ, ಹಿಂಬದಿಯ ಪುಟಗಳನ್ನೂ ಓದಿ.