ತಗಡಿನ ಪೆಟ್ಟಿಗೆಗೊಂದು ಅಂಗಳ

ಕರಾವಳಿಯ ಮುಸ್ಲಿಮ್ ಮನೆಗಳಲ್ಲಿ ‘ಪೋರ್ಟಾ ಕ್ಯಾಬಿನ್’ ಎಂಬ ಪದದ ಅರ್ಥವನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ತಂದೆ, ಪತಿ, ಸಹೋದರ ಅಥವಾ ಮಗ, ಯಾರಾದರೊಬ್ಬರು ಗಲ್ಫ್‌ನ ಯಾವುದೋ ಮರಳುಗಾಡಿನಲ್ಲಿ ಅಂತಹ ತಗಡಿನ ಪೆಟ್ಟಿಗೆಯೊಳಗೆ ಕೆಲವು ವರ್ಷಗಳನ್ನಾದರೂ ಕಳೆದಿರುತ್ತಾರೆ. ನನ್ನ ತಂದೆ ದಮ್ಮಾಮ್‌ನಿಂದ ಕಳುಹಿಸಿದ್ದ ಒಂದು ಫೋಟೋ ನಮ್ಮ ಕಪಾಟಿನಲ್ಲಿ ಈಗಲೂ ಇದೆ. ಬಿಳಿ ಬಣ್ಣದ ಉದ್ದನೆಯ ಪೆಟ್ಟಿಗೆ, ಅದರ ಕಿಟಕಿಗೆ ಸಿಕ್ಕಿಸಿದ ಎ.ಸಿ., ಹಗ್ಗದ ಮೇಲೆ ಒಣಗುತ್ತಿರುವ ಲುಂಗಿಗಳು, ಮುಂದೆ ನಿಂತು ನಗುತ್ತಿರುವ ತಂದೆ. ಅದರ ಜೊತೆಗಿದ್ದ ಪತ್ರದಲ್ಲಿ, “ಇದು ತಾತ್ಕಾಲಿಕ, ಕಂಪೆನಿಯವರು ಬೇಗನೇ ಒಳ್ಳೆಯ ಕೋಣೆ ಕೊಡುತ್ತಾರಂತೆ” ಎಂದು ಬರೆದಿದ್ದರು. ಆ ತಾತ್ಕಾಲಿಕ ಹದಿನಾಲ್ಕು ವರ್ಷ ನಡೆಯಿತು. ಉಮ್ಮ ಆ ಫೋಟೋವನ್ನು ತಿರುಗಿಸಿ ಮುರುಗಿಸಿ ನೋಡಿ ಕೇಳಿದ್ದು ಒಂದೇ ಪ್ರಶ್ನೆ: “ಇದರಲ್ಲಿ ಅಡುಗೆ ಮನೆ ಎಲ್ಲಿದೆ?”

ಈಗ ಆ ಪ್ರಶ್ನೆಯನ್ನು ನೀವು ಸ್ವಲ್ಪ ಬದಲಿಸಿ ಕೇಳಿಕೊಳ್ಳಿ. ಆ ಪೆಟ್ಟಿಗೆಯೊಳಗೆ ದುಡಿಯಲು ಹೋದ ಗಂಡಸರ ಬದಲು ಒಂದು ಇಡೀ ಸಂಸಾರ ಇರಬೇಕಾಗಿ ಬಂದರೆ? ಅತ್ತೆ, ಬಾಣಂತಿ ಸೊಸೆ, ವಯಸ್ಸಿಗೆ ಬಂದ ಇಬ್ಬರು ಹೆಣ್ಣು ಮಕ್ಕಳು, ಶಾಲೆಗೆ ಹೋಗುವ ಹುಡುಗ, ಎಲ್ಲರೂ?

ಕಂಟೇನರ್ ಮನೆ ಈಗ ಒಂದು ಫ್ಯಾಶನ್ ಕೂಡಾ ಹೌದು. ಹಾಲೆಂಡಿನ ಆಮ್‌ಸ್ಟರ್‌ಡಾಮ್‌ನಲ್ಲಿ 2005-06ರಲ್ಲಿ ಸುಮಾರು ಒಂದು ಸಾವಿರ ಕಂಟೇನರ್‌ಗಳನ್ನು ಒಂದರ ಮೇಲೊಂದು ಜೋಡಿಸಿ ವಿದ್ಯಾರ್ಥಿಗಳಿಗೆ ಕಡಿಮೆ ಬಾಡಿಗೆಯ ಕೋಣೆಗಳನ್ನು ಮಾಡಿದ್ದರು. ನಮ್ಮ ಬೆಂಗಳೂರಿನಲ್ಲೂ ಕಂಟೇನರ್ ಹೋಟೆಲ್, ಕಂಟೇನರ್ ಕಚೇರಿಗಳಿವೆ. ಅಗ್ಗ, ಬೇಗ ಮುಗಿಯುತ್ತದೆ, ಬೇಕೆಂದರೆ ಎತ್ತಿಕೊಂಡು ಹೋಗಬಹುದು ಎಂದು ಮಾರುವವರು ಹೇಳುತ್ತಾರೆ. ಸುಳ್ಳೇನಲ್ಲ. ಆದರೆ ಹಡಗಿನಲ್ಲಿ ಬರುವ ಇಪ್ಪತ್ತು ಅಡಿಯ ಒಂದು ಕಂಟೇನರ್‌ನ ಒಳಗೆ ಸಿಗುವ ಜಾಗ ಸುಮಾರು 150 ಚದರ ಅಡಿ ಮಾತ್ರ. ಅಗಲ ಎಂಟು ಅಡಿಯೂ ಪೂರ್ತಿ ಇಲ್ಲ. ಒಬ್ಬ ವಿದ್ಯಾರ್ಥಿಗೆ ಅದು ಸಾಕು. ಸಂಸಾರಕ್ಕೆ ಸಾಕೇ ಎಂಬುದನ್ನು ತಿಳಿಯಬೇಕಾದರೆ ನಾವು ಆಮ್‌ಸ್ಟರ್‌ಡಾಮ್‌ಗಲ್ಲ, ಜೋರ್ಡಾನ್‌ಗೆ ಹೋಗಬೇಕು. ಬನ್ನಿ.

ಜೋರ್ಡಾನ್‌ನ ಉತ್ತರದಲ್ಲಿ, ಮಫ್ರಕ್ ಪಟ್ಟಣದ ಸಮೀಪ, ಸಿರಿಯಾದ ಗಡಿಯಿಂದ ಹತ್ತು ಹನ್ನೆರಡು ಕಿಲೋಮೀಟರ್ ದೂರದಲ್ಲಿ ಝಅತರಿ ಎಂಬ ಹಳ್ಳಿಯಿದೆ. ಅದರ ಪಕ್ಕದ ಬಯಲಿನಲ್ಲಿ 2012ರ ಜುಲೈ 28ರಂದು ವಿಶ್ವಸಂಸ್ಥೆಯ ನಿರಾಶ್ರಿತರ ವಿಭಾಗ ಮತ್ತು ಜೋರ್ಡಾನ್ ಸರಕಾರ ಸೇರಿ ಒಂದು ಶಿಬಿರವನ್ನು ತೆರೆದವು. ಬಂದವರಲ್ಲಿ ಹೆಚ್ಚಿನವರು ಗಡಿಯಾಚೆಗಿನ ದರ್‌ಆ ಪ್ರಾಂತದವರು. ಕಲ್ಲಿನ ಮನೆ, ಆಲಿವ್ ತೋಟ, ಗೋಧಿ ಹೊಲ ಬಿಟ್ಟು, ರಾತ್ರಿ ಹೊತ್ತು ಮಕ್ಕಳನ್ನು ಹೆಗಲಿಗೇರಿಸಿಕೊಂಡು ನಡೆದು ಬಂದವರು. 2013ರ ಹೊತ್ತಿಗೆ ಅಲ್ಲಿನ ಜನಸಂಖ್ಯೆ ಒಂದು ಲಕ್ಷವನ್ನು ಮೀರಿತು. ಬಳಿಕ ಅನೇಕ ವರ್ಷಗಳ ಕಾಲ ಸುಮಾರು 80 ಸಾವಿರ ಮಂದಿ ಐದು ಚದರ ಕಿಲೋಮೀಟರ್‌ಗಿಂತ ತುಸು ಹೆಚ್ಚಿನ ಆ ಜಾಗದಲ್ಲಿ ಬದುಕಿದರು.

ಮೊದಲು ಇದ್ದದ್ದು ಡೇರೆಗಳು. ಅಲ್ಲಿನ ನೆಲದ ಧೂಳು ಬಿಳಿ ಹಿಟ್ಟಿನಂತೆ ನುಣುಪು, ಗಾಳಿ ಬೀಸಿದರೆ ರೊಟ್ಟಿಯ ಮೇಲೂ ಧೂಳು. 2013ರ ಜನವರಿಯಲ್ಲಿ ಮಳೆ, ಚಳಿ, ಹಿಮ ಒಟ್ಟಿಗೆ ಬಂದಾಗ ನೂರಾರು ಡೇರೆಗಳು ಕೆಸರಿನಲ್ಲಿ ಕುಸಿದವು. ಆಮೇಲೆ ಡೇರೆಯ ಬದಲು ಕ್ಯಾರವಾನ್‌ಗಳು ಹೆಚ್ಚು ಹೆಚ್ಚಾಗಿ ಬರತೊಡಗಿದವು. ಹೆಸರು ಕೇಳಿ ಚಕ್ರವಿರುವ ಬಂಡಿ ಎಂದುಕೊಳ್ಳಬೇಡಿ. ಅದು ನಮ್ಮ ಪೋರ್ಟಾ ಕ್ಯಾಬಿನ್ನೇ. ಎರಡು ತೆಳು ತಗಡುಗಳ ನಡುವೆ ಫೋಮ್ ತುಂಬಿದ ಗೋಡೆ, ಒಂದು ಬಾಗಿಲು, ಕಿಟಕಿ, ಹಲಗೆಯ ನೆಲ. ಸೌದಿ ಅರೇಬಿಯಾ ಮತ್ತಿತರ ಗಲ್ಫ್ ದೇಶಗಳ ದಾನದಿಂದ ಬಂದವು ಸಾವಿರಾರು. ಕೊನೆಗೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಪೆಟ್ಟಿಗೆಗಳ ಊರು ಅಲ್ಲಿ ಎದ್ದು ನಿಂತಿತು.

ಅಧಿಕಾರಿಗಳು ಅವುಗಳನ್ನು ಸೈನ್ಯದ ಬಿಡಾರದಂತೆ ಸಾಲು ಸಾಲಾಗಿ ಇರಿಸಿದರು. ನೀರಿನ ಟ್ಯಾಂಕು, ಸಾರ್ವಜನಿಕ ಶೌಚಾಲಯ, ಸಾರ್ವಜನಿಕ ಅಡುಗೆಮನೆ ಎಲ್ಲವೂ ನಕ್ಷೆಯ ಪ್ರಕಾರ. ಕಾಗದದ ಮೇಲೆ ಅದು ಬಹಳ ಚೆನ್ನಾಗಿತ್ತು. ಆದರೆ ಸಹೋದರಿಯರೇ, ಆ ನಕ್ಷೆ ಬರೆದವರು ರಾತ್ರಿ ಎರಡು ಗಂಟೆಗೆ ಹನ್ನೆರಡು ವರ್ಷದ ಮಗಳನ್ನು ಕರೆದುಕೊಂಡು ಕತ್ತಲಲ್ಲಿ ಶೌಚಾಲಯ ಹುಡುಕಿಕೊಂಡು ಹೋಗಬೇಕಾದ ತಾಯಿಯ ಬಗ್ಗೆ ಯೋಚಿಸಿದ್ದರೇ? ಅಪರಿಚಿತರೊಂದಿಗೆ ಸರತಿಯಲ್ಲಿ ನಿಂತು ಸಾರು ಕುದಿಸುವುದು ಹೇಗಿರುತ್ತದೆ ಎಂದು ಅವರಿಗೆ ಗೊತ್ತಿತ್ತೇ? ಮಹಿಳೆಯರು ಕತ್ತಲಾದ ಮೇಲೆ ಆ ಕಡೆ ಹೋಗುವುದನ್ನೇ ಬಿಟ್ಟರು. ಎಷ್ಟೋ ಮಂದಿ ಸಂಜೆಯ ನಂತರ ನೀರು ಕುಡಿಯುತ್ತಿರಲಿಲ್ಲ.

ಆಗ ಜನರು ನಕ್ಷೆಯನ್ನು ತಾವೇ ತಿದ್ದಲಾರಂಭಿಸಿದರು. ಶಿಬಿರದ ಬೇಲಿಯ ಕಬ್ಬಿಣದ ಕಂಬಗಳನ್ನು ಕಿತ್ತು, ಬೆಸುಗೆ ಹಾಕಿ, ಅದಕ್ಕೆ ಚಕ್ರ ಸೇರಿಸಿ ಒಂದು ಗಾಡಿ ತಯಾರಾಯಿತು. ಕ್ಯಾರವಾನನ್ನು ಎತ್ತಿ ಅದರ ಮೇಲಿಟ್ಟರೆ ಇಡೀ ಮನೆಯನ್ನೇ ಬೇರೆ ಬೀದಿಗೆ ತಳ್ಳಿಕೊಂಡು ಹೋಗಬಹುದು! ಅಣ್ಣನ ಮನೆ ತಮ್ಮನ ಮನೆಯ ಬಳಿಗೆ, ಒಂದೇ ಹಳ್ಳಿಯವರು ಒಂದೇ ಕಡೆಗೆ. ಎರಡು ಮೂರು ಪೆಟ್ಟಿಗೆಗಳನ್ನು ಎದುರು ಬದುರಾಗಿ ಇಟ್ಟು, ಉಳಿದ ಬದಿಗಳಿಗೆ ಹಳೆಯ ಡೇರೆಯ ಬಟ್ಟೆ ಅಥವಾ ತಗಡು ಕಟ್ಟಿದರೆ ನಡುವೆ ಸಿಗುವುದೇ ಅಂಗಳ. ಸಿರಿಯಾದ ಮನೆಗಳಲ್ಲಿ ಅಂಗಳಕ್ಕೆ ಇರುವ ಸ್ಥಾನ ದೊಡ್ಡದು. ಹೊರಗಿನವರ ಕಣ್ಣಿಗೆ ಬೀಳದೆ, ತಲೆಯ ಮೇಲಿನ ಆಕಾಶವನ್ನು ಕಳೆದುಕೊಳ್ಳದೆ ಹೆಂಗಸರು ಓಡಾಡುವ ಜಾಗ ಅದು. ಕೆಲವರು ಆ ಬರಡು ಬಯಲಿನ ಅಂಗಳದಲ್ಲಿ ಸಿಮೆಂಟಿನ ಪುಟ್ಟ ಕಾರಂಜಿಗಳನ್ನೂ ಮಾಡಿದರು. ನೀರು ಅಷ್ಟು ದುಬಾರಿಯಾದ ಕಡೆ ಕಾರಂಜಿಯೇ ಎಂದು ನನಗೂ ಅನ್ನಿಸಿತು. ಆದರೆ ಊರು ಬಿಟ್ಟು ಬಂದವರ ಲೆಕ್ಕಾಚಾರ ಬೇರೆ ಇರುತ್ತದೆ.

ಅಂಗಳದ ಮೂಲೆಯಲ್ಲಿ ಸ್ವಂತದ ಅಡುಗೆಮನೆ, ಸ್ವಂತದ ಶೌಚಾಲಯ ಬಂತು. ಅದಕ್ಕೆ ಬೇಕಾದ ಸಾಮಾನು ಸಾರ್ವಜನಿಕ ಅಡುಗೆಮನೆಗಳಿಂದಲೇ ಕಣ್ಮರೆಯಾಗುತ್ತಿತ್ತು. ಮೊದಲಿಗೆ ಅಧಿಕಾರಿಗಳು ಇದನ್ನು ಕಳ್ಳತನವೆಂದರು. 2013ರಿಂದ ಶಿಬಿರದ ಮುಖ್ಯಸ್ಥರಾಗಿದ್ದ ಜರ್ಮನಿಯ ಕಿಲಿಯನ್ ಕ್ಲೈನ್‌ಶ್ಮಿಟ್ ಬೇರೆ ರೀತಿ ನೋಡಿದರು. ಇದು ಗೋದಾಮಲ್ಲ, ಹುಟ್ಟುತ್ತಿರುವ ಒಂದು ನಗರ ಎಂಬುದು ಅವರ ವಾದ. ಹಾಗೆಂದು ಎಲ್ಲವೂ ಸರಿಯಾಗಲಿಲ್ಲ. ಪ್ರತಿ ಅಂಗಳದ ಕೊಳಚೆ ಗುಂಡಿಯಿಂದ ನೆಲದಡಿಯ ನೀರು ಕೆಡುವ ಭಯ ಹುಟ್ಟಿತು. ಕೊನೆಗೆ ಮನೆ ಮನೆಗೆ ಟ್ಯಾಂಕು, ಕೊಳವೆ ಹಾಕಿ ನೀರು ಮತ್ತು ಒಳಚರಂಡಿಯ ಜಾಲವನ್ನೇ ಕಟ್ಟಬೇಕಾಯಿತು. ಹೆಂಗಸರು ಮೊದಲೇ ಕೇಳಿದ್ದು ಅದನ್ನೇ ಅಲ್ಲವೇ!

ಶಿಬಿರದ ಮುಖ್ಯ ಬೀದಿಯಲ್ಲಿ ಒಂದು ಸುತ್ತು ಹೋಗೋಣ. ಪ್ಯಾರಿಸ್‌ನ ಪ್ರಸಿದ್ಧ ಶಾಂಜ್ ಎಲಿಸೆ ಬೀದಿಯನ್ನು ನೆನಪಿಸುವಂತೆ ಇದಕ್ಕೆ ತಮಾಷೆಗೆ ‘ಶಾಮ್ ಎಲಿಸೆ’ ಎಂದು ಹೆಸರು. ಶಾಮ್ ಎಂದರೆ ಸಿರಿಯಾ. ಇದೇ ತಗಡಿನ ಪೆಟ್ಟಿಗೆಗಳು ಇಲ್ಲಿ ಅಂಗಡಿಗಳಾಗಿವೆ. ಫಲಾಫೆಲ್, ತರಕಾರಿ, ಮೊಬೈಲ್ ರಿಪೇರಿ, ಪಂಜರದ ಹಕ್ಕಿಗಳು, ಮದುಮಗಳ ಬಿಳಿ ಉಡುಪನ್ನು ಬಾಡಿಗೆಗೆ ಕೊಡುವ ಅಂಗಡಿಗಳೂ ಇವೆ. ಸೂಪರ್ ಮಾರ್ಕೆಟ್‌ನಲ್ಲಿ 2016ರಲ್ಲಿ ದುಡ್ಡೂ ಬೇಡ, ಕಾರ್ಡೂ ಬೇಡ ಎಂಬ ವ್ಯವಸ್ಥೆ ಬಂತು. ಯಂತ್ರದ ಮುಂದೆ ಕಣ್ಣು ತೋರಿಸಿದರೆ ನೆರವಿನ ಹಣ ಕಡಿತವಾಗುತ್ತಿತ್ತು. ಒಂದು ವಿಷಯವನ್ನು ಮಾತ್ರ ನಿಮಗೆ ಹೇಳಲೇಬೇಕು: ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿಯ ನೆರವಿನಿಂದ ನಡೆಯುವ ಅಲ್ಲಿನ ಹೆರಿಗೆ ಆಸ್ಪತ್ರೆಯಲ್ಲಿ ಮೊದಲ ಹತ್ತು ಸಾವಿರ ಹೆರಿಗೆಗಳಲ್ಲಿ ಒಬ್ಬ ತಾಯಿಯೂ ಸಾಯಲಿಲ್ಲ. ಅಲ್‌ಹಮ್ದುಲಿಲ್ಲಾಹ್.

ಇನ್ನು ಸೆಕೆ. ತಗಡಿನ ಮನೆಯ ದೊಡ್ಡ ಶತ್ರು ಅದೇ. ಫೋಮ್ ಇದ್ದರೂ ಮಧ್ಯಾಹ್ನದ ಬಿಸಿಲಿಗೆ ಒಳಗೆ ಕೂರುವುದು ಕಷ್ಟ, ಚಳಿಗಾಲದಲ್ಲಿ ಅದೇ ಗೋಡೆ ಮಂಜುಗಡ್ಡೆ. 2013ರಿಂದ ಕೆಲವು ವರ್ಷ ರಮಝಾನ್ ಬಂದದ್ದು ಜೂನ್, ಜುಲೈ ತಿಂಗಳ ಉರಿ ಬೇಸಿಗೆಯಲ್ಲಿ. ಹದಿನೈದು ತಾಸಿಗೂ ಮಿಕ್ಕಿದ ಉಪವಾಸ ಹಿಡಿದು ಆ ಪೆಟ್ಟಿಗೆಯೊಳಗೆ ಇಫ್ತಾರ್‌ಗೆ ಅಡುಗೆ ಮಾಡುವುದನ್ನು ಊಹಿಸಿ. ಬೀದಿ ದೀಪದ ಕಂಬದಿಂದ ತಂತಿ ಎಳೆದು ಫ್ಯಾನ್ ತಿರುಗಿಸಿದವರನ್ನು ದೂರಲು ನನಗಂತೂ ಮನಸ್ಸು ಬರುವುದಿಲ್ಲ. 2017ರ ನವೆಂಬರ್‌ನಲ್ಲಿ ಜರ್ಮನಿಯ ನೆರವಿನಿಂದ 12.9 ಮೆಗಾವ್ಯಾಟ್‌ನ ಸೌರ ವಿದ್ಯುತ್ ಘಟಕ ಶುರುವಾದ ಬಳಿಕ ಹೆಚ್ಚು ಗಂಟೆ ಕರೆಂಟ್ ಸಿಗತೊಡಗಿತು.

ಝಅತರಿಯನ್ನು ನೋಡಿ ಪಾಠ ಕಲಿತೆವೆಂದು 2014ರ ಏಪ್ರಿಲ್‌ನಲ್ಲಿ ಅಝ್ರಕ್ ಎಂಬ ಇನ್ನೊಂದು ಶಿಬಿರವನ್ನು ತೆರೆದರು. ಬಿಳಿ ತಗಡಿನ ಗೂಡುಗಳು, ಅಚ್ಚುಕಟ್ಟಾದ ಸಾಲು, ನೆಲಕ್ಕೆ ಭದ್ರವಾಗಿ ನೆಟ್ಟದ್ದು. ಯಾರೂ ಅಲುಗಾಡಿಸುವಂತಿಲ್ಲ. ಮೊದಲ ಕೆಲವು ವರ್ಷ ಅಲ್ಲಿ ಮನೆಗಳಿಗೆ ವಿದ್ಯುತ್ತೂ ಇರಲಿಲ್ಲ. ಫೋಟೋದಲ್ಲಿ ಝಅತರಿಗಿಂತ ಅಝ್ರಕ್ ಎಷ್ಟೋ ಸುಂದರ. ಆದರೆ ಜನರಿಗೆ ಗೊಂದಲದ ಝಅತರಿಯೇ ಹೆಚ್ಚು ಪ್ರಿಯವಾಯಿತು.

ಅಗ್ಗದ ಮನೆಯ ಬಗ್ಗೆ ಮಾತಾಡುವವರು ಪೆಟ್ಟಿಗೆಯ ಬೆಲೆಯನ್ನು ಲೆಕ್ಕ ಹಾಕುತ್ತಾರೆ, ಎರಡು ಪೆಟ್ಟಿಗೆಗಳ ನಡುವಿನ ಜಾಗವನ್ನು ಲೆಕ್ಕ ಹಾಕುವುದಿಲ್ಲ. ನಮ್ಮಲ್ಲೂ ಹೀಗೆಯೇ. 2009ರಲ್ಲಿ ಉತ್ತರ ಕರ್ನಾಟಕದ ನೆರೆಯಲ್ಲಿ ಮನೆ ಕಳೆದುಕೊಂಡವರಿಗೆ ತಗಡಿನ ಶೆಡ್ ಕೊಟ್ಟರು. 2019ರ ನೆರೆಯಲ್ಲೂ ಕೊಟ್ಟರು. ಮೇಲೆ ತಗಡು, ಸುತ್ತ ತಗಡು, ಎದುರಿಗೆ ಇನ್ನೊಬ್ಬರ ಬಾಗಿಲು. ಸ್ನಾನಕ್ಕೆ ಮರೆ ಎಲ್ಲಿ ಎಂದು ಕೇಳಿದ ಹೆಂಗಸಿಗೆ ಸಿಕ್ಕಿದ ಉತ್ತರ ಅದೇ ಹಳೆಯ ಮಾತು, ‘ತಾತ್ಕಾಲಿಕ’. ಟರ್ಕಿಯಲ್ಲಿ 2023ರ ಫೆಬ್ರವರಿ 6ರ ಭೂಕಂಪದ ಬಳಿಕ ಎದ್ದ ಕಂಟೇನರ್ ನಗರಗಳಲ್ಲಿ ಸಾಮಾನ್ಯವಾಗಿ 21 ಚದರ ಮೀಟರ್‌ನ ಪೆಟ್ಟಿಗೆಯೊಳಗೇ ಶೌಚಾಲಯ ಮತ್ತು ಅಡುಗೆಯ ಮೂಲೆ ಇತ್ತು ಎಂಬುದು ಸಣ್ಣ ಸುಧಾರಣೆಯೇನಲ್ಲ. ಆ ಭೂಕಂಪದ ಸಂತ್ರಸ್ತರಿಗಾಗಿ ಖತರ್ ಹತ್ತು ಸಾವಿರ ಕ್ಯಾಬಿನ್‌ಗಳನ್ನು ಘೋಷಿಸಿ ಹಡಗಿನಲ್ಲಿ ಸಾಗಿಸತೊಡಗಿತು. ಅವುಗಳಲ್ಲಿ ಕೆಲವು ತಿಂಗಳುಗಳ ಹಿಂದಷ್ಟೇ ವಿಶ್ವಕಪ್ ಫುಟ್ಬಾಲ್ ನೋಡಲು ಬಂದವರು ತಂಗಿದ್ದ ಕೋಣೆಗಳೂ ಇದ್ದವು.

ಝಅತರಿಯ ಕ್ಯಾರವಾನ್‌ಗಳಿಗೆ ನಿಗದಿಯಾಗಿದ್ದ ಆಯುಸ್ಸು ಆರರಿಂದ ಎಂಟು ವರ್ಷ. ಅದು ಎಂದೋ ಮುಗಿಯಿತು. ಹಲಗೆಯ ನೆಲ ಕೊಳೆತಿದೆ, ಛಾವಣಿ ಸೋರುತ್ತದೆ, ತೇಪೆಯ ಮೇಲೆ ತೇಪೆ. ಶಾಶ್ವತ ಕಟ್ಟಡ ಕಟ್ಟಲು ಅನುಮತಿ ಇಲ್ಲ, ಏಕೆಂದರೆ ಸರಕಾರದ ದೃಷ್ಟಿಯಲ್ಲಿ ಅವರು ಹೋಗಬೇಕಾದವರು. 2024ರ ಡಿಸೆಂಬರ್ 8ರಂದು ಅಸದ್ ಆಡಳಿತ ಕುಸಿದ ಮೇಲೆ ಹೋಗುವ ದಾರಿ ನಿಜವಾಗಿಯೂ ತೆರೆಯಿತು. ಸಾವಿರಾರು ಮಂದಿ ಗಂಟುಮೂಟೆ ಕಟ್ಟಿಕೊಂಡು ಹೋದರು. ಆದರೆ ದರ್‌ಆದಲ್ಲಿ ಮನೆ ಉರುಳಿ ಬಿದ್ದವರು, ಬಾಡಿಗೆ ಕೊಡಲು ಶಕ್ತಿ ಇಲ್ಲದವರು, ಮಕ್ಕಳ ಓದನ್ನು ಅರ್ಧಕ್ಕೆ ನಿಲ್ಲಿಸಲು ಮನಸ್ಸಿಲ್ಲದವರು ಇನ್ನೂ ಯೋಚಿಸುತ್ತಿದ್ದಾರೆ.

ಅಲ್ಲಿನ ಮೊದಲ ವರ್ಷಗಳಲ್ಲಿ ಹುಟ್ಟಿದ ಹುಡುಗಿಯರು ಈಗ ದುಪ್ಪಟ್ಟಾ ಹೊದ್ದುಕೊಳ್ಳುವ ವಯಸ್ಸಿಗೆ ಬಂದಿದ್ದಾರೆ. ತಾಯಿ ‘ನಮ್ಮ ಮನೆ’ ಎಂದಾಗ ಅದು ಗಡಿಯಾಚೆಯ ಕಲ್ಲಿನ ಮನೆ, ಮಗಳು ಅದನ್ನು ಕಂಡೇ ಇಲ್ಲ. ಮಗಳು ‘ನಮ್ಮ ಮನೆ’ ಎಂದರೆ ಎದುರು ಬದುರಾದ ಎರಡು ತಗಡಿನ ಪೆಟ್ಟಿಗೆ, ನಡುವೆ ಡೇರೆಯ ಬಟ್ಟೆಯ ನೆರಳಿನಲ್ಲಿ ಉಮ್ಮ ಗುಡಿಸಿ ನೀರು ಚಿಮುಕಿಸಿಟ್ಟ ಅಂಗಳ.