ಅಮಾಸಿಗೊಮ್ಮೆ ಫುಲ್ ಸ್ಕ್ಯಾನ್

ಹಳ್ಳಿಯಿಂದ ಬಂದ ಸಾಫ್ಟ್‌ವೇರ್ ಇಂಜಿನಿಯರಿಗೆ ಊರವರು ಕೇಳೋ ಪ್ರಶ್ನೆಗಳು ಮೂರೇ ಮೂರು. ಪಗಾರ ಎಷ್ಟು, ಲಗ್ನ ಯಾವಾಗ, ಮತ್ತು "ನಮ್ಮ ಕಂಪ್ಯೂಟರ್ ಯಾಕೋ ಸ್ಲೋ ಆಗ್ಯದ, ಒಂಚೂರು ನೋಡ್ತೀಯೇನು?" ಮೊದಲನೇದಕ್ಕೆ ಸುಳ್ಳು ಹೇಳಬಹುದು, ಎರಡನೇದಕ್ಕೆ ನಕ್ಕು ಜಾರಿಕೊಳ್ಳಬಹುದು. ಮೂರನೇದಕ್ಕೆ ಮಾತ್ರ ಕೂತು ಕೆಲಸ ಮಾಡಲೇಬೇಕು. ನಾನು ಆಫೀಸಿನಲ್ಲಿ ಬರೆಯೋದು ಯಾವುದೋ ದೇಶದ ವಿಮಾ ಕಂಪನಿಯ ಲೆಕ್ಕದ ಕೋಡು. ಆದರೆ ಊರಿನ ಪ್ರಕಾರ ಬಿ.ಇ. ಅಂದ್ರೆ ಮೌಸಿನಿಂದ ಹಿಡಿದು ಮಿಕ್ಸರಿನ ತನಕ ಎಲ್ಲದರ ರಿಪೇರಿ ಬರಬೇಕು.

ಈ ಮೂರನೇ ಪ್ರಶ್ನೆಗೊಂದು ಬಾಲ ಇದೆ. ರಿಪೇರಿ ಮುಗಿಸಿ ಚಹಾ ಕುಡಿಯೋವಾಗ ಅದು ಬಂದೇ ಬರುತ್ತೆ: "ಈ ವೈರಸ್ ಸ್ಕ್ಯಾನ್ ಎಷ್ಟು ದಿನಕ್ಕೊಮ್ಮೆ ಮಾಡಬೇಕು?" ಎಣ್ಣೆ ಹಚ್ಚಿ ತಲೆ ಎರಕೊಳ್ಳೋಕೆ ವಾರ ಇದೆ, ದೇವರ ಸಾಮಾನು ಬೆಳಗೋಕೆ ಹಬ್ಬ ಇದೆ, ಹಾಗೆ ಇದಕ್ಕೂ ಒಂದು ಲೆಕ್ಕ ಇರಲೇಬೇಕು ಅಂತ ಅವರ ನಂಬಿಕೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಉತ್ತರಕ್ಕೆ ಒಂದು ಅಂಕಿ ಹೇಳಿ ಎದ್ದುಬಂದರೆ ಅವರಿಗೆ ಮೋಸ ಮಾಡಿದ ಹಾಗೆ. ಯಾಕೆ ಅನ್ನೋದನ್ನ ಇವತ್ತು ಸ್ವಲ್ಪ ವಿವರವಾಗಿ ಹೇಳ್ತೀನಿ.

ನಮ್ಮೂರು ಜಾಲಹಳ್ಳಿ. ಬೆಂಗಳೂರಿನವರು ತಕ್ಷಣ "ಓ, ಎಚ್‌ಎಂಟಿ ಹತ್ರಾನಾ?" ಅಂತಾರೆ. ಅಲ್ಲ ಸ್ವಾಮಿ, ಇದು ರಾಯಚೂರು ಜಿಲ್ಲೆ ದೇವದುರ್ಗ ತಾಲ್ಲೂಕಿನ ಜಾಲಹಳ್ಳಿ, ತಿಂಥಣಿ ಬ್ರಿಜ್ ಕಡೆಯದು. ಹೆಸರಲ್ಲೇ ಜಾಲ ಇದ್ದರೂ ಅಂತರ್ಜಾಲ ಬಂದದ್ದು ಮಾತ್ರ ತಡವಾಗಿ. ಅದಕ್ಕಿಂತ ಎಷ್ಟೋ ಮುಂಚೆ ವೈರಸ್ ಬಂದಿತ್ತು. ನೆಟ್ ಇಲ್ಲದೆ ವೈರಸ್ ಹೆಂಗೆ ಬಂತು ಅಂದ್ರೆ, ಪೆನ್‌ಡ್ರೈವ್ ಮೇಲೆ ಕೂತು ಬಂತು.

ನಮ್ಮ ದೊಡ್ಡಪ್ಪನ ಮಗ, ಅಂದ್ರೆ ನನಗೆ ಅಣ್ಣ, ಮನೆಯ ಮುಂದಿನ ಕೋಣೆಯಲ್ಲೇ ಒಂದು ಕಂಪ್ಯೂಟರ್ ಇಟ್ಟುಕೊಂಡು ಝೆರಾಕ್ಸ್, ಟೈಪಿಂಗ್, ಪಾಸ್‌ಪೋರ್ಟ್ ಫೋಟೊ ಶುರು ಮಾಡಿದ್ದ. ಹಗಲು ಅದು ಅಂಗಡಿ ಕಂಪ್ಯೂಟರ್, ರಾತ್ರಿ ಮಕ್ಕಳಿಗೆ ಗೇಮು, ಅತ್ತಿಗೆಗೆ ಸಿನಿಮಾ. ಊರಿನ ಪೆನ್‌ಡ್ರೈವ್‌ಗಳೆಲ್ಲ ಅದರ ಬಾಯಿಗೇ. ಹೆಪ್ಪು ಹಾಕೋಕೆ ಒಂದು ಚಮಚ ಮಜ್ಜಿಗೆ ಕೊಡ್ರಿ ಅಂತ ಬಟ್ಟಲು ಮನೆಯಿಂದ ಮನೆಗೆ ಹೋಗುತ್ತಲ್ಲ, ಪೆನ್‌ಡ್ರೈವೂ ಹಂಗೇ. ಒಂದು ಮನೆಯ ಹೆಪ್ಪು ಬೆಳಗಾಗೋದ್ರೊಳಗೆ ಇಡೀ ಓಣಿಯ ಮೊಸರಾಗ್ತಿತ್ತು.

ಆಗಿನ ಎರಡು ರೋಗ ನನಗೆ ಚೆನ್ನಾಗಿ ನೆನಪಿವೆ. ಒಂದು, "ನ್ಯೂ ಫೋಲ್ಡರ್" ಅನ್ನೋದು. ನೋಡೋಕೆ ಹಳದಿ ಫೋಲ್ಡರ್, ನಿಜದಲ್ಲಿ ಪ್ರೋಗ್ರಾಂ. ಫೈಲಿನ ಕೊನೆಯ ಮೂರಕ್ಷರದ ಬಾಲವನ್ನ ವಿಂಡೋಸ್ ಮುಚ್ಚಿಡ್ತಿದ್ದ ಕಾರಣ ಅದು ಡಾಟ್ ಎಕ್ಸೆ ಅಂತ ಯಾರಿಗೂ ಕಾಣ್ತಿರಲಿಲ್ಲ. ಒಳಗೇನಿದೆ ನೋಡೋಣ ಅಂತ ತೆರೆದರೆ ಅದೇ ಅಂಟಿಕೊಳ್ತಿತ್ತು. ಇನ್ನೊಂದು, ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗೋ ರೋಗ. "ಫೋಟೊ ಎಲ್ಲ ಹೋಗ್ಯಾವ ತಮ್ಮಾ" ಅಂತ ಗಾಬರಿಯಲ್ಲಿ ಫೋನ್ ಬರೋದು. ಎಲ್ಲೂ ಹೋಗಿರ್ತಿರಲಿಲ್ಲ, ವೈರಸ್ ಅವನ್ನ ಮುಚ್ಚಿಟ್ಟು ಬಾಗಿಲಲ್ಲಿ ತಾನು ನಿಂತಿರ್ತಿತ್ತು. ಆಟ್ರಿಬ್ ಅನ್ನೋ ಒಂದು ಸಾಲಿನ ಕಮಾಂಡ್ ಕೊಟ್ಟರೆ ಫೋಟೊಗಳು ವಾಪಸ್. ಆ ಒಂದು ಸಾಲಿಗೆ ಊರಲ್ಲಿ ನನಗೆ ಸಿಕ್ಕ ಮರ್ಯಾದೆ ನಾಲ್ಕು ವರ್ಷದ ಇಂಜಿನಿಯರಿಂಗಿಗೂ ಸಿಕ್ಕಿಲ್ಲ ಬಿಡಿ.

ಕೈಯಿಂದ ಕೈಗೆ ದಾಟೋದು ವೈರಸ್ಸಿನ ಹುಟ್ಟುಗುಣ. ಪಿಸಿಗಳ ಮೊದಲ ವೈರಸ್ ಅಂತ ಹೆಸರಾದ ಬ್ರೇನ್ 1986ರಲ್ಲಿ ಹುಟ್ಟಿದ್ದು ಲಾಹೋರಿನಲ್ಲಿ, ಇಬ್ಬರು ಅಣ್ಣತಮ್ಮಂದಿರ ಅಂಗಡಿಯಲ್ಲಿ. ಮದುವೆ ಕಾರ್ಡಿನ ಹಂಗೆ ಅದರೊಳಗೆ ತಮ್ಮ ಹೆಸರು, ವಿಳಾಸ, ಫೋನ್ ನಂಬರ್ ಎಲ್ಲ ಬರೆದಿದ್ದರು! ಅದು ಊರೂರು ಸುತ್ತಿದ್ದು ಫ್ಲಾಪಿಯಲ್ಲಿ. 2008ರ ಕೊನೆಗೆ ಬಂದ ಕಾನ್‌ಫಿಕರ್ ನೆಟ್‌ವರ್ಕಿನಲ್ಲೂ ಓಡ್ತಿತ್ತು, ಪೆನ್‌ಡ್ರೈವಿನಲ್ಲೂ ಓಡ್ತಿತ್ತು. ಪೆನ್‌ಡ್ರೈವ್ ಚುಚ್ಚಿದ ಕೂಡಲೇ ಒಳಗಿನದ್ದು ತಾನೇ ಓಡೋ ಆಟೋರನ್ ಸೌಲಭ್ಯವನ್ನ ಮೈಕ್ರೋಸಾಫ್ಟ್ ಹಳೆಯ ವಿಂಡೋಸ್‌ಗಳಲ್ಲಿ ಬಂದ್ ಮಾಡಿದ್ದು 2011ರಲ್ಲಿ. ಅಲ್ಲಿತನಕ ನಾವು ಅದರ ಮೂಗಿನ ಕೆಳಗೇ ಬದುಕಿದ್ವಿ.

ಈಗ ಸ್ಕ್ಯಾನಿನ ವಿಷಯಕ್ಕೆ ಬರೋಣ. ಅಣ್ಣ ದಿನಾ ಸ್ಕ್ಯಾನ್ ಮಾಡ್ತಿದ್ದ. ಬೆಳಿಗ್ಗೆ ಅಂಗಡಿ ತೆರೆದು, ಊದಿನಕಡ್ಡಿ ಹಚ್ಚಿ, ಫುಲ್ ಸ್ಕ್ಯಾನ್ ಒತ್ತೋದು. ಅದು ಮುಗಿಯೋಕೆ ಮೂರು ತಾಸು ಬೇಕು. ಶಕ್ತಿನಗರದಲ್ಲಿ 1985ರಿಂದ ಇಡೀ ರಾಜ್ಯಕ್ಕೆ ಕರೆಂಟ್ ಮಾಡಿ ಕೊಡೋ ಜಿಲ್ಲೆ ನಮ್ಮದು, ನಮ್ಮ ಮನೆಗೆ ಮಾತ್ರ ಅದು ಬರ್ತಿದ್ದದ್ದು ಸರದಿ ಪ್ರಕಾರ. ಸ್ಕ್ಯಾನ್ ಅರವತ್ತು ಪರ್ಸೆಂಟಿಗೆ ಬಂತು ಅನ್ನೋದರೊಳಗೆ ಕರೆಂಟ್ ಹೋಗೋದು, ಯುಪಿಎಸ್ ಹತ್ತು ನಿಮಿಷ ಕುಂಯ್‌ಗುಟ್ಟಿ ಸುಮ್ಮನಾಗೋದು. ಮರುದಿನ ಮತ್ತೆ ಸೊನ್ನೆಯಿಂದ. ಡ್ರೈವಿನ ಮೊದಲರ್ಧವನ್ನ ನೂರಾರು ಸಲ ನೋಡಿದ ಆ ಆಂಟಿವೈರಸ್ ಕೊನೆಯರ್ಧವನ್ನ ಒಮ್ಮೆಯೂ ಕಣ್ಣಾರೆ ಕಂಡಿರಲಿಲ್ಲ.

ಅದಕ್ಕಿಂತ ದೊಡ್ಡ ತೊಂದರೆ ಬೇರೆ ಇತ್ತು. ಆಂಟಿವೈರಸ್ ಕೆಲಸ ಮಾಡೋದು ಬಹುಮಟ್ಟಿಗೆ ಪಟ್ಟಿ ನೋಡಿ. ಪೋಲೀಸ್ ಠಾಣೆಯ ಗೋಡೆ ಮೇಲೆ ಬೇಕಾದವರ ಫೋಟೊ ಅಂಟಿಸಿರ್ತಾರಲ್ಲ, ಹಂಗೆ ಗೊತ್ತಿರೋ ವೈರಸ್‌ಗಳ ಗುರುತುಗಳ ಪಟ್ಟಿ ಅದರ ಹತ್ರ ಇರುತ್ತೆ. ಸ್ಕ್ಯಾನ್ ಅಂದ್ರೆ ಒಂದೊಂದೇ ಫೈಲ್ ಹಿಡಿದು ಮುಖ ಹೋಲಿಸಿ ನೋಡೋದು. ಅಣ್ಣನ ಪಟ್ಟಿ ಒಂದು ವರ್ಷ ಹಳೇದು, ಯಾಕಂದ್ರೆ ಪಟ್ಟಿ ಇಳಿಸೋಕೆ ನೆಟ್ ಬೇಕು, ನೆಟ್‌ಗೆ ದುಡ್ಡು ಬೇಕು. ಹೋದ ವರ್ಷದ ಕಳ್ಳರ ಫೋಟೊ ಹಿಡಿದು ಈ ವರ್ಷದ ಜಾತ್ರೆಯಲ್ಲಿ ದಿನಕ್ಕೆ ಹತ್ತು ಸಲ ಹುಡುಕಿದರೂ ಏನು ಬಂತು? ಹಾಗಾಗಿ ಎಷ್ಟು ದಿನಕ್ಕೊಮ್ಮೆ ಸ್ಕ್ಯಾನ್ ಅನ್ನೋದಕ್ಕಿಂತ ಮೊದಲು ಕೇಳಬೇಕಾದ್ದು, ಪಟ್ಟಿ ಯಾವತ್ತಿನದು ಅಂತ. ಅದು ದಿನಾ ಹೊಸದಾಗಬೇಕು.

ಇಷ್ಟೆಲ್ಲ ಮಾಡಿದರೂ ನೂರಕ್ಕೆ ನೂರು ಸಿಗೋದಿಲ್ಲ. ಫ್ರೆಡ್ ಕೋಹೆನ್ ಅನ್ನೋ ಅಮೆರಿಕದ ವಿಜ್ಞಾನಿ 1980ರ ದಶಕದಲ್ಲೇ ಇದನ್ನ ಗಣಿತದಿಂದ ತೋರಿಸಿದ. ಎಲ್ಲ ವೈರಸ್ಸನ್ನೂ ಹಿಡಿಯೋ, ಒಳ್ಳೆಯ ಪ್ರೋಗ್ರಾಂ ಮೇಲೆ ಸುಳ್ಳು ಆರೋಪವನ್ನೂ ಹೊರಿಸದ ಪರಿಪೂರ್ಣ ಆಂಟಿವೈರಸ್ ಬರೆಯೋಕೆ ಸಾಧ್ಯವೇ ಇಲ್ಲ. ಈಗಿನ ಆಂಟಿವೈರಸ್‌ಗಳು ಮುಖದ ಜೊತೆಗೆ ನಡತೆಯನ್ನೂ ನೋಡ್ತವೆ. ಸಾವಿರಾರು ಫೈಲುಗಳನ್ನ ಒಂದೇ ಸಮ ಬದಲಿಸ್ತಿರೋ ಪ್ರೋಗ್ರಾಂ ಕಂಡರೆ ಅನುಮಾನ ಪಡ್ತವೆ. ಅದೂ ಅನುಮಾನವೇ, ತೀರ್ಪಲ್ಲ.

2017ರ ಮೇ 12ಕ್ಕೆ ಹಬ್ಬಿದ ವಾನಾಕ್ರೈ ನೆನಪಿದೆಯಲ್ಲ? ಯಾರೂ ಏನನ್ನೂ ಕ್ಲಿಕ್ ಮಾಡಬೇಕಿರಲಿಲ್ಲ. ವಿಂಡೋಸ್‌ನ ಒಂದು ತೂತಿನಿಂದ ಕಂಪ್ಯೂಟರಿಂದ ಕಂಪ್ಯೂಟರಿಗೆ ತಾನೇ ದಾಟಿಕೊಂಡು ಬ್ರಿಟನ್ನಿನ ಆಸ್ಪತ್ರೆಗಳನ್ನ ಹಿಡೀತು, ಇಲ್ಲೇ ಪಕ್ಕದ ಆಂಧ್ರದ ಪೋಲೀಸ್ ಕಂಪ್ಯೂಟರುಗಳನ್ನೂ ಮುಟ್ಟಿತು. ಆ ತೂತಿಗೆ ತೇಪೆ ಮಾರ್ಚಿನಲ್ಲೇ ಬಂದಿತ್ತು! ಎರಡು ತಿಂಗಳಲ್ಲಿ ಅಪ್‌ಡೇಟ್ ಹಾಕಿಕೊಂಡವರು ಪಾರಾದರು. ಇವತ್ತಿಗೂ ವಿಂಡೋಸ್ ಎಕ್ಸ್‌ಪಿ, ವಿಂಡೋಸ್ 7 ಇಟ್ಟುಕೊಂಡವರು ಇದ್ದಾರೆ. ಎಕ್ಸ್‌ಪಿಗೆ 2014ರ ಏಪ್ರಿಲ್‌ನಲ್ಲಿ, ಏಳಕ್ಕೆ 2020ರ ಜನವರಿಯಲ್ಲಿ ಮಾಮೂಲಿ ಅಪ್‌ಡೇಟ್ ನಿಂತಿವೆ. ಮಾಳಿಗೆ ಸೋರ್ತಿರೋವಾಗ ದಿನಾ ನೆಲ ಒರೆಸಿದಂಗೆ ಅವರ ಸ್ಕ್ಯಾನು.

ಅಣ್ಣನ ಕಂಪ್ಯೂಟರಿಗೆ ನಿಜವಾದ ಪೆಟ್ಟು ಬಿದ್ದದ್ದು ಇದಾದ ಮೇಲೆ. ಆ ಹೊತ್ತಿಗೆ ಊರಿಗೆ ನೆಟ್ ಬಂದಿತ್ತು, ಪಟ್ಟಿಯೂ ದಿನಾ ಹೊಸದಾಗ್ತಿತ್ತು. ಅಂಗಡಿಗೆ ಬರೋ ಹುಡುಗನೊಬ್ಬ ಫೋಟೊ ಚಂದ ಮಾಡೋ ದುಬಾರಿ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತೆ ಅಂತ ಕ್ರ್ಯಾಕ್ ಇಳಿಸಿದ. ಅದರ ಜೊತೆ ಬಂದ ಸೂಚನೆಯ ಮೊದಲ ಸಾಲೇ, ಆಂಟಿವೈರಸ್ ಆಫ್ ಮಾಡಿ ಅಂತ. ನಾಯಿ ಕಟ್ಟಿ ಹಾಕ್ರಿ, ನಾವು ಒಳಗ ಬರ್ತೀವಿ ಅಂತ ಕಳ್ಳ ಚೀಟಿ ಕಳಿಸಿದ ಹಾಗೆ. ಇವರು ಕಟ್ಟಿ ಹಾಕಿದರು. ಅರ್ಧ ತಾಸಿನಲ್ಲಿ ಎಲ್ಲ ಫೈಲಿನ ಹೆಸರಿಗೂ ಅರ್ಥವಾಗದ ಹೊಸ ಬಾಲ. ಫೋಲ್ಡರಿಗೊಂದು ಚೀಟಿ: 980 ಡಾಲರ್ ಕೊಡಿ, 72 ತಾಸಿನೊಳಗೆ ಆದರೆ ಅರ್ಧ, 490 ಡಾಲರ್.

"ಸಂತ್ಯಾಗೂ ಇಷ್ಟು ರಿಯಾಯಿತಿ ಕೊಡಂಗಿಲ್ಲಲೇ" ಅಂದ ಅಣ್ಣ ಫೋನಿನಲ್ಲಿ. ನಗಲಿಲ್ಲ.

ಇದು ಸ್ಟಾಪ್ ಅಥವಾ ಡಿಜೆವಿಯು ಅಂತ ಕರೆಯೋ ರ‍್ಯಾನ್ಸಮ್‌ವೇರ್ ಕುಟುಂಬ. 2018ರಿಂದೀಚೆಗೆ ಕ್ರ್ಯಾಕ್ ಸಾಫ್ಟ್‌ವೇರ್ ಜೊತೆ ಸೇರಿಕೊಂಡು ಲೋಕದ ಮನೆಮನೆ ಕಂಪ್ಯೂಟರುಗಳನ್ನ ಕಾಡಿದ್ದು. ನಾನು ಹೇಳಿದಂತೆ ಅಣ್ಣ ಫುಲ್ ಸ್ಕ್ಯಾನ್ ಮಾಡಿದ. ಆಂಟಿವೈರಸ್ ವೈರಸ್ಸನ್ನ ಹಿಡಿದು ತೆಗೆದೂ ಹಾಕಿತು, ಹಸಿರು ಟಿಕ್ ಮಾರ್ಕ್ ತೋರಿಸಿ ನಿಮ್ಮ ಕಂಪ್ಯೂಟರ್ ಸುರಕ್ಷಿತ ಅಂದಿತು. ಫೈಲುಗಳು ಮಾತ್ರ ಬೀಗ ಹಾಕಿದಂಗೇ ಉಳಿದವು. ಬೀಗ ಹಾಕಿದ ಕಳ್ಳನನ್ನ ಹಿಡಿದು ಹೊರಗೆ ಹಾಕಿದರೆ ಬೀಗ ತೆರೆಯೋದಿಲ್ಲ. ನೋ ಮೋರ್ ರ‍್ಯಾನ್ಸಮ್ ಅಂತ ಯುರೋಪಿನ ಪೋಲೀಸರು ಮತ್ತು ಸೆಕ್ಯುರಿಟಿ ಕಂಪನಿಗಳು 2016ರಲ್ಲಿ ಶುರು ಮಾಡಿದ ತಾಣದಲ್ಲಿ ಕೆಲವು ಬೀಗಗಳಿಗೆ ಉಚಿತ ಕೀಲಿ ಸಿಗ್ತವೆ. ನಾವೂ ಹುಡುಕಿದ್ವಿ. ನಮ್ಮ ಬೀಗಕ್ಕೆ ಇರಲಿಲ್ಲ. ದುಡ್ಡು ಕಟ್ಟೋದು ಬೇಡ ಅಂದೆ. ಕಟ್ಟಿದರೆ ಕೀಲಿ ಕೊಟ್ಟೇ ಕೊಡ್ತಾರೆ ಅನ್ನೋದಕ್ಕೆ ಯಾರ ಜಾಮೀನೂ ಇಲ್ಲ.

ಹೋದದ್ದು ಏನು ಅಂತ ಕೂತು ಲೆಕ್ಕ ಹಾಕಿದ್ವಿ. ಪಹಣಿ, ಆಧಾರ್, ಮಾರ್ಕ್ಸ್ ಕಾರ್ಡ್‌ಗಳ ಸ್ಕ್ಯಾನ್ ಹೋದರೆ ಹೋಗಲಿ, ಮೂಲ ಪ್ರತಿ ಅವರವರ ಮನೆಯಲ್ಲಿವೆ. ಸಿನಿಮಾಕ್ಕಂತೂ ಅಳೋ ಮಾತೇ ಇಲ್ಲ. ಹತ್ತು ವರ್ಷದ ಪಾಸ್‌ಪೋರ್ಟ್ ಫೋಟೊಗಳು ಬೇರೆ ಮಾತು.

ಒಂದು ವಾರದ ಮೇಲೆ ಹೊಲಗೇರಿಗೆ ಹೋಗೋ ದಾರಿಯ ಮನೆಯ ಮುದುಕಿ ಒಬ್ಬಾಕೆ ಬಂದಳು. ಗಂಡ ತೀರಿಕೊಂಡು ಹನ್ನೊಂದು ದಿನ ಆಗಿತ್ತು. "ಯಪ್ಪಾ, ಪಿಂಚಣಿ ಅರ್ಜಿಗೆ ಅಂತ ನೀನs ಫೋಟೊ ತೆಗದಿದ್ದೆಲ್ಲ, ಅದನ್ನ ದೊಡ್ಡದು ಮಾಡಿ ಕೊಡು, ಗ್ವಾಡಿಗಿ ಹಾಕಬೇಕು" ಅಂದಳು. ಸಂಧ್ಯಾ ಸುರಕ್ಷಾ ಪಿಂಚಣಿಗೆ ಅರ್ಜಿ ಹಾಕೋವಾಗ ತೆಗೆದದ್ದು. ಆ ಮನುಷ್ಯ ಜೀವನದಲ್ಲಿ ಕ್ಯಾಮೆರಾ ಮುಂದೆ ಕೂತದ್ದು ಅದೊಂದೇ ಸಲ. ಪ್ರಿಂಟ್‌ಗಳೆಲ್ಲ ಅರ್ಜಿಗಳಿಗೆ ಅಂಟಿ ಆಫೀಸುಗಳಿಗೆ ಹೋಗಿವೆ. ಫೈಲು ಕಂಪ್ಯೂಟರಿನಲ್ಲೇ ಇತ್ತು, ಕಣ್ಣೆದುರಿಗೇ, ತೆರೆಯೋಕೆ ಬರ್ತಿರಲಿಲ್ಲ. ಅಣ್ಣ ಅದನ್ನ ಆಕೆಗೆ ಹೇಗೆ ಹೇಳೋದು ಅಂತ ತಿಳಿಯದೆ ನಾಳೆ ಬಾ ಅಂದನಂತೆ. ಕೊನೆಗೆ ಬ್ಯಾಂಕ್ ಪಾಸ್‌ಬುಕ್ಕಿನ ಮೇಲಿದ್ದ ಫೋಟೊವನ್ನೇ ಸ್ಕ್ಯಾನ್ ಮಾಡಿ ದೊಡ್ಡದು ಮಾಡಿ ಕೊಟ್ಟ. ಅದರ ಮೇಲೆ ಬ್ಯಾಂಕಿನವರು ಅರ್ಧ ಶಿಕ್ಕಾ ಒತ್ತಿದ್ದರು. ಈಗಲೂ ಆ ಮನೆ ಗೋಡೆಯ ಮೇಲೆ ಮುದುಕನ ಎಡಗೆನ್ನೆಗೆ ನೇರಳೆ ಬಣ್ಣದ ಅರ್ಧ ಚಂದ್ರ ಇದೆ.

ಈಗ ಯಾರು ಕೇಳಿದರೂ ನಾನು ಹೇಳೋ ಲೆಕ್ಕ ಹೀಗಿದೆ. ವಿಂಡೋಸ್ 8ರಿಂದ ಡಿಫೆಂಡರ್ ಜೊತೆಗೇ ಬರುತ್ತೆ, ಮನೆ ಬಳಕೆಗೆ ಅದು ಸಾಕು. ಅದರ ಬಾಗಿಲು ಕಾಯೋ ಕೆಲಸವನ್ನ, ಅಂದ್ರೆ ರಿಯಲ್ ಟೈಮ್ ಪ್ರೊಟೆಕ್ಷನ್ನನ್ನ, ಯಾರು ಹೇಳಿದರೂ ಆಫ್ ಮಾಡಬೇಡಿ. ಕಾಳನ್ನ ಚೀಲಕ್ಕೆ ತುಂಬೋ ಮುಂಚೆ ಹಸನು ಮಾಡೋದು ಸುಲಭ, ತುಂಬಿದ ಮೇಲೆ ನುಸಿ ಆರಿಸೋದು ಕಷ್ಟ. ಎರಡೆರಡು ಆಂಟಿವೈರಸ್ ಹಾಕಬೇಡಿ, ಒಂದನ್ನೊಂದು ಅನುಮಾನಿಸ್ತಾ ಕಂಪ್ಯೂಟರನ್ನೇ ಮಲಗಿಸ್ತವೆ. ಕ್ವಿಕ್ ಸ್ಕ್ಯಾನ್ ವಾರಕ್ಕೊಮ್ಮೆ ಸಾಕು. ಕಂಪ್ಯೂಟರ್ ಸುಮ್ಮನಿದ್ದಾಗ ಡಿಫೆಂಡರ್ ತಾನೇ ಮಾಡಿಕೊಳ್ಳುತ್ತೆ, ಮಾಡಿದೆಯೋ ಇಲ್ಲವೋ ನೋಡಿದರೆ ಆಯ್ತು. ಫುಲ್ ಸ್ಕ್ಯಾನ್ ತಿಂಗಳಿಗೊಮ್ಮೆ. ದಿನ ನೆನಪಿರೋದಿಲ್ಲ ಅಂತ ಅಣ್ಣನೇ ಒಂದು ಉಪಾಯ ಮಾಡಿದ್ದಾನೆ. ಅಮಾಸಿ ದಿನ ನಮ್ಮ ಕಡೆ ಎತ್ತು ಹೂಡೋದಿಲ್ಲ. ಅವತ್ತು ಎತ್ತಿಗೂ ರಜೆ, ಕಂಪ್ಯೂಟರಿಗೂ ರಜೆ, ಅದರ ಪಾಡಿಗೆ ಅದು ಸ್ಕ್ಯಾನ್ ಮಾಡಿಕೊಂಡಿರಲಿ. ಇದರ ಹೊರತಾಗಿ, ಬೇರೆಯವರ ಪೆನ್‌ಡ್ರೈವ್ ಬಂದಾಗಲೆಲ್ಲ ತೆರೆಯೋ ಮುಂಚೆ ಅದಷ್ಟನ್ನೇ ಸ್ಕ್ಯಾನ್ ಮಾಡಿ. ಕಂಪ್ಯೂಟರ್ ವಿಚಿತ್ರವಾಗಿ ಆಡ್ತಿದ್ದರೆ ಅಮಾಸಿ ಕಾಯಬೇಡಿ, ಡಿಫೆಂಡರಿನಲ್ಲೇ ಇರೋ ಆಫ್‌ಲೈನ್ ಸ್ಕ್ಯಾನ್ ಕೊಡಿ. ವಿಂಡೋಸ್ ಏಳೋ ಮುಂಚೆಯೇ ಹುಡುಕುತ್ತೆ, ಸುಮಾರು ಕಾಲು ತಾಸು ಬೇಕು. ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರ ಅಂತ 2017ರಲ್ಲಿ ಶುರುವಾದದ್ದೂ ಇದೆ, ಅಲ್ಲೂ ಉಚಿತ ಸಾಧನಗಳು ಸಿಗ್ತವೆ.

ಈಗ ಪೆನ್‌ಡ್ರೈವಿನ ಜಾಗಕ್ಕೆ ವಾಟ್ಸ್ಯಾಪ್ ಬಂದಿದೆ. ಮದುವೆ ಆಮಂತ್ರಣ ಅಂತ ಎಪಿಕೆ ಫೈಲ್ ಬಂದರೆ ಒತ್ತಬೇಡಿ. ಆಮಂತ್ರಣ ಚಿತ್ರವಾಗಿ ಬರುತ್ತೆ, ಆ್ಯಪ್ ಆಗಿ ಬರೋದಿಲ್ಲ. ಒತ್ತಿ ದುಡ್ಡು ಹೋದರೆ ಗಳಿಗೆಯೂ ತಡ ಮಾಡದೆ 1930ಕ್ಕೆ ಫೋನ್ ಮಾಡಿ.

ಇದೆಲ್ಲಕ್ಕಿಂತ ಮುಂಚಿನ ಕೆಲಸ ಇನ್ನೊಂದಿದೆ. ಅಣ್ಣ ಈಗ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ತಂದಿದ್ದಾನೆ. ಪ್ರತಿ ಶನಿವಾರ ಸಂಜೆ ಫೋಟೊಗಳನ್ನೆಲ್ಲ ಅದಕ್ಕೆ ಕಾಪಿ ಮಾಡಿ, ವೈರು ಕಿತ್ತು, ಒಳಗೆ ಅತ್ತಿಗೆಯ ಟ್ರಂಕಿನಲ್ಲಿ ಇಡ್ತಾನೆ. ಕಿತ್ತಿಡೋದೇ ಮುಖ್ಯ. ಚುಚ್ಚಿಯೇ ಇದ್ದರೆ ಅದಕ್ಕೂ ಬೀಗ ಬೀಳುತ್ತೆ. ಫೋಟೊ ತೆಗೆಸಿದವರಿಗೆ ಕೇಳದಿದ್ದರೂ ಒಂದು ಪ್ರಿಂಟ್ ಜಾಸ್ತಿ ಕೊಟ್ಟು "ಮನ್ಯಾಗ ಇಟ್ಕೋರಿ" ಅಂತಾನೆ, ಅದಕ್ಕೆ ದುಡ್ಡು ತಗೊಳ್ಳೋದಿಲ್ಲ.

ನೀವೂ ಇವತ್ತು ಸ್ಕ್ಯಾನ್ ಒತ್ತೋ ಮುಂಚೆ ಒಂದೈದು ನಿಮಿಷ ಕೂತು ನೋಡಿ, ನಿಮ್ಮ ಕಂಪ್ಯೂಟರಿನಲ್ಲಿ ಮಾತ್ರ ಇದ್ದು ಲೋಕದಲ್ಲಿ ಬೇರೆಲ್ಲೂ ಇಲ್ಲದ್ದು ಏನೇನಿದೆ ಅಂತ. ಮೊದಲು ಅದನ್ನ ಎತ್ತಿಡಿ. ಸ್ಕ್ಯಾನ್ ಆಮೇಲೆ ಮಾಡಿದರಾಯ್ತು.